ಮಡಚುವ ಚಾಕು ಕೊಳ್ಳುವ ಮುಂಚೆ ಲಾಕ್ ನೋಡಿ

ತೋಟದ ಕೆಲಸಕ್ಕೋ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುವುದಕ್ಕೋ ಮಡಚುವ ಚಾಕು ಕೊಳ್ಳುವವರು ಮೊದಲು ಲಾಕ್ (ಬಿಚ್ಚಿದ ಅಲಗು ತಾನಾಗಿ ಮಡಚಿಕೊಳ್ಳದಂತೆ ಹಿಡಿಯುವ ಭಾಗ) ನೋಡಿ, ಆಮೇಲೆ ಅಲಗು. ಹೋದ ವರ್ಷ ಮೆಣಸಿನ ಬಳ್ಳಿ ಕಟ್ಟುವಾಗ ಹಗ್ಗ ಕೊಯ್ಯಲು ಹೋದೆ. ಲಾಕ್ ಇಲ್ಲದ ಚಾಕು ಪಟ್ ಅಂತ ಮಡಚಿಕೊಂಡಿತು. ತೋರುಬೆರಳಿಗೆ ಮೂರು ಹೊಲಿಗೆ ಬಿತ್ತು.

ಅಂಗಡಿಯಲ್ಲೇ ಪೂರ್ತಿ ಬಿಚ್ಚಿ, ಅಲಗನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸಿ. ಲೊಡಲೊಡ ಅಂದರೆ ಬೇಡವೇ ಬೇಡ. ಬೆರಳು ಅಡ್ಡ ಬರದಂತೆ ಹಿಡಿದು, ಅಲಗಿನ ಬೆನ್ನನ್ನು ಮೆಲ್ಲಗೆ ಒತ್ತಿ. ಲಾಕ್ ಜಾರಬಾರದು. ಅಲಗಿನ ಉದ್ದ 7-8 ಸೆಂ.ಮೀ., ದಪ್ಪ ಸುಮಾರು 3 ಮಿ.ಮೀ. ಇದ್ದರೆ ಸಾಕು. ದೊಡ್ಡ ಕೆಲಸಕ್ಕೆ ಕತ್ತಿ ಇದೆ ಅಲ್ವಾ?

ನಮ್ಮ ಮಳೆಗೆ ಸ್ಟೇನ್‌ಲೆಸ್ ಸ್ಟೀಲೇ ಒಳ್ಳೆಯದು. ಕಾರ್ಬನ್ ಸ್ಟೀಲನ್ನು ಮಸೆಯುವುದು ಸುಲಭ, ನಿಜ. ಆದರೆ ಜುಲೈ ತಿಂಗಳಲ್ಲಿ ಒದ್ದೆ ಜೇಬಿನಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ಅಲಗಿನ ಮೇಲೆ ಕೆಂಪು ಚುಕ್ಕೆ. ಸ್ಟೇನ್‌ಲೆಸ್ ಆದರೂ ಒರೆಸಿಡಿ, ಮಡಚುವ ಜಾಗಕ್ಕೆ ಹೊಲಿಗೆ ಮಷೀನಿನ ಎಣ್ಣೆ ಒಂದು ಹನಿ ಬಿಡಿ. ತೆಂಗಿನೆಣ್ಣೆ ಬೇಡ, ಕೊನೆಗೆ ಅಂಟಂಟಾಗುತ್ತದೆ.

ಹಿಡಿ ಸ್ವಲ್ಪ ಒರಟಾಗಿರಲಿ, ನುಣುಪಾದದ್ದು ಒದ್ದೆ ಕೈಯಲ್ಲಿ ಜಾರುತ್ತದೆ. ವಿಮಾನ ಹತ್ತುವಾಗ ಕೈಚೀಲದಲ್ಲಿ ಇಟ್ಟುಕೊಳ್ಳಬೇಡಿ, ಚೆಕ್-ಇನ್ ಬ್ಯಾಗಿಗೆ ಹಾಕಿ.