ಶನಿವಾರದ ಹೊಟ್ಟೆನೋವು ನಿಂತ ಬಗೆ

ಮಗಳನ್ನು ಅತ್ತೆಯ ಮನೆಗೆ ಬಿಡ್ತೇನೆ, ಅಲ್ಲಿಂದ ಅವಳಪ್ಪ ಕರ್ಕೊಂಡು ಹೋಗ್ಲಿ ಅಂದಾಗ ಅಣ್ಣ ನನ್ನ ಜೊತೆ ಒಂದು ವಾರ ಮಾತು ಬಿಟ್ಟಿದ್ದ. "ಡಿವೋರ್ಸ್ ಆದ್ಮೇಲೆ ಎಂಥ ಅತ್ತೆ?" ಅಂದ. ಈಗ ನಾಲ್ಕು ವರ್ಷವಾಯಿತು. ಮಗಳಿಗೆ ಹದಿಮೂರು. ಏರ್ಪಾಡು ಗಟ್ಟಿಯಾಗಿ ನಡೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಇಬ್ಬರೂ ಒಪ್ಪಿ ಡಿವೋರ್ಸ್ ಕೇಳುವ ಹಿಂದೂ ವಿವಾಹ ಕಾಯ್ದೆಯ 13-ಬಿ ಸೆಕ್ಷನ್, ಮುಂಬೈನ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಫ್ಯಾಮಿಲಿ ಕೋರ್ಟಿನ ಓಡಾಟ, ಇದೆಲ್ಲ ಆಯಿತು. ಅರ್ಜಿ ಹಾಕಿದ ಮೇಲಿನ ಆರು ತಿಂಗಳ ಕಾಯುವಿಕೆಯನ್ನು ಕೋರ್ಟು ಬಿಡಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ನಾವು ಹಾಗೆ ಬಿಡಿ ಅಂತ ಕೋರ್ಟನ್ನು ಕೇಳಲಿಲ್ಲ. ಆ ಆರು ತಿಂಗಳು ಜಗಳ ಇನ್ನೂ ಜಾಸ್ತಿಯಾಯಿತು.

ಮಗು ಯಾರ ಹತ್ತಿರ, ಯಾವ ದಿನ ಅಂತ ಕಾಗದದಲ್ಲಿತ್ತು. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಎಲ್ಲಿ, ಹೇಗೆ ಅಂತ ಇರಲಿಲ್ಲ. ನಾನು ಡೊಂಬಿವಲಿ, ಅವಳಪ್ಪ ಮುಲುಂದ್. ಹಾಗಾಗಿ ನಡುವೆ ಸಿಗುವ ಠಾಣೆ ರೈಲು ನಿಲ್ದಾಣದ ಪ್ಲಾಟ್‌ಫಾರ್ಮ್ ಅಂತ ಮಾಡಿಕೊಂಡೆವು. ದೊಡ್ಡ ತಪ್ಪು ಅದೇ. ಪ್ರತಿ ಶನಿವಾರ ಅಲ್ಲೇ ದುಡ್ಡಿನ ಮಾತು ಏಳುತ್ತಿತ್ತು. ಮಗಳು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, ಮತ್ತೆ ಸುತ್ತುತ್ತಾ ನಿಲ್ಲುತ್ತಿದ್ದಳು. ಬೆರಳ ತುದಿ ಬೆಳ್ಳಗಾಗುವ ತನಕ. ಆಮೇಲೆ ಶುಕ್ರವಾರ ರಾತ್ರಿಯೇ ಹೊಟ್ಟೆನೋವು ಶುರು. ಡಾಕ್ಟರು, ಸೋನೋಗ್ರಫಿ, ಎಲ್ಲ ಸೇರಿ ಐದಾರು ಸಾವಿರ. ಏನೂ ಸಿಗಲಿಲ್ಲ. ಕೌನ್ಸೆಲರ್ ಹತ್ತಿರ ಏಳು ಸಲ ಹೋದೆವು, ಸಲಕ್ಕೆ ಸಾವಿರದ ಐನೂರು. ಅವರು ಹೇಳಿದ ಒಂದು ಮಾತಿಗೆ ಆ ದುಡ್ಡು ಕೊಡಬಹುದು: ಅಪ್ಪ-ಅಮ್ಮ ಬೇರೆಯಾಗಿದ್ದಕ್ಕಿಂತ, ಬೇರೆಯಾದ ಮೇಲೂ ಕಣ್ಣೆದುರಿಗೆ ಕಿತ್ತಾಡುವುದೇ ಮಕ್ಕಳನ್ನು ಹೆಚ್ಚು ಕಾಡುತ್ತದೆ.

ಆಗ ಮಾಟುಂಗಾಕ್ಕೆ ಹೋಗಿ ಅತ್ತೆಯ ಮುಂದೆ ಕೂತೆ. ಏನು ಹೇಳಿ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ, ಅದು ನಮ್ಮಿಬ್ಬರಲ್ಲೇ ಇರಲಿ. ಕರಾರು ಮಾತ್ರ ಹೇಳುತ್ತೇನೆ. ಶನಿವಾರ ಮಧ್ಯಾಹ್ನ ನಾನು ಬಿಟ್ಟು ಇಳಿಯಬೇಕು. ಅವಳಪ್ಪ ಒಂದು ಗಂಟೆ ಬಿಟ್ಟು ಬರಬೇಕು. ನಡುವೆ ಅಜ್ಜಿಯ ತಿಳಿಸಾರು ಅನ್ನ, ಒಂದು ನಿದ್ದೆ. ನನ್ನ ಸುದ್ದಿ ಅತ್ತ, ಅವರ ಸುದ್ದಿ ಇತ್ತ ಅಜ್ಜಿ ಸಾಗಿಸುವ ಹಾಗಿಲ್ಲ. ಅವರು ಕೊಡಬೇಕಾದ ತಿಂಗಳ ಹನ್ನೆರಡು ಸಾವಿರ ಐದನೇ ತಾರೀಕು ಬ್ಯಾಂಕಿನಿಂದ ತಾನಾಗೇ ಬರಬೇಕು. ದುಡ್ಡಿನ ಮಾತು ಹೀಗೆ ಮನೆಯಿಂದ ಆಚೆ ಹೋಗಿದ್ದೇ ಅರ್ಧ ಗೆಲುವು.

ಸುಮ್ನೆ ಮಾಡಿದ ಪ್ರಯೋಗಗಳೂ ಇವೆ. ಗೋಡೆಗೆ ಬಣ್ಣದ ಕ್ಯಾಲೆಂಡರ್ ಹಾಕಿದೆ, ಮಗಳೇ ಹರಿದಳು. ದಿನಾ ವಿಡಿಯೋ ಕಾಲ್ ಮಾಡಿಸಿದೆ, ಇಬ್ಬರಿಗೂ ಮಾತು ಹುಟ್ಟಲಿಲ್ಲ. ಯೂನಿಫಾರ್ಮ್, ಶೂ, ಕಂಪಾಸ್ ಬಾಕ್ಸ್ ಎರಡೂ ಮನೆಗೆ ಒಂದೊಂದು ಜೊತೆ ಕೊಂಡಿದ್ದು ಮಾತ್ರ ಫಲಿಸಿತು. ಆರು ಸಾವಿರವೋ ಏನೋ ಆಯಿತು. ಅವಳ ಬ್ಯಾಗು ಹಗುರಾಯಿತು, ಮರೆತುಬಂದ ಪುಸ್ತಕಕ್ಕೆ ಫೋನ್ ಜಗಳ ನಿಂತಿತು.

ಹೊಟ್ಟೆನೋವು ಒಂದೇ ಸಲಕ್ಕೆ ಹೋಗಲಿಲ್ಲ. ನಾಲ್ಕನೇ ತಿಂಗಳಲ್ಲಿ ಒಂದು ಶುಕ್ರವಾರ ಅವಳು ಊಟ ಮುಗಿಸಿ, "ಅಮ್ಮಾ, ನಾಳೆ ಅಜ್ಜಿ ಹತ್ರ ಕಸೂತಿ ದಾರ ತಗೊಂಡು ಹೋಗ್ಬೇಕು" ಅಂದು ಮಲಗಿಬಿಟ್ಟಳು. ನಾನು ಆ ರಾತ್ರಿ ಮಲಗಲಿಲ್ಲ. ಅಣ್ಣನಿಗೆ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದೆ. ಈಗ ನನಗೆ ಆಗದ ಶನಿವಾರ ಅವನೇ ಮಾಟುಂಗಾಕ್ಕೆ ಬಿಟ್ಟುಬರುತ್ತಾನೆ.

ಅತ್ತೆಗೆ ಈಗ ಮಂಡಿನೋವು, ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಈ ಏರ್ಪಾಡು ನಿನ್ನ ಮನೆಯಲ್ಲಿ ಆಗುತ್ತದಾ ಅಂತ ವಾಶಿಯಲ್ಲಿರುವ ನಾದಿನಿಯನ್ನು ಕೇಳಿದ್ದೇನೆ. ದೀಪಾವಳಿ ರಜೆಯಲ್ಲಿ ಎರಡು ವಾರ ಮಾಡಿ ನೋಡೋಣ ಅತ್ತಿಗೆ ಅಂದಿದ್ದಾಳೆ.