ಅಡ್ಮಿಷನ್ ರಿಜಿಸ್ಟರಿನ ಕೊನೆಯ ಕಾಲಂ

ನಮ್ಮ ಶಾಲೆಯ ಚರಿತ್ರೆ ಬರೆದು ಕೊಡಿ ಎಂದು ಸಿಸ್ಟರ್ ಕೇಳಿದಾಗ ನಾನು ರಿಟೈರ್ ಆಗಿ ಎರಡು ವರ್ಷವಾಗಿತ್ತು. ಅದೇ ಕಾನ್ವೆಂಟ್ ಹೈಸ್ಕೂಲಿನಲ್ಲಿ ಓದಿದವಳು, ಅಲ್ಲೇ ಕನ್ನಡ ಟೀಚರ್ ಆಗಿದ್ದವಳು. "ನಿಮಗೆ ಎಲ್ಲ ಗೊತ್ತುಂಟಲ್ಲ ಟೀಚರ್, ಎರಡು ತಿಂಗಳಲ್ಲಿ ಮುಗಿಯುತ್ತದೆ" ಅಂದರು. ಎರಡೂವರೆ ವರ್ಷ ಹಿಡಿಯಿತು. ಇಂಥ ಕೆಲಸಕ್ಕೆ ಕೈಹಾಕುವ ಬೇರೆ ಟೀಚರುಗಳಿಗೆ ಉಪಯೋಗವಾಗಲಿ ಎಂದು ನಾನು ಮಾಡಿದ ರೀತಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಮಂಗಳೂರು ಕಡೆ ಅಪೊಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ನಡೆಸುವ ಯಾವ ಶಾಲೆಯ ಕಥೆ ಹಿಡಿದು ಹೋದರೂ ಅದು 1870ಕ್ಕೆ ಹೋಗಿ ಮುಟ್ಟುತ್ತದೆ. ಸಿಸ್ಟರುಗಳ ಈ ಸಂಘವನ್ನು ಕಟ್ಟಿದ ಮದರ್ ವೆರೋನಿಕಾ ಅವರ ಮೊದಲಿನ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್‌ನಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ. ಮಗಳು ಕ್ಯಾಥೊಲಿಕ್ ಆದರು, ಸಿಸ್ಟರ್ ಆದರು, ಕಲ್ಲಿಕೋಟೆಗೆ ಬಂದು ಕೆಲಸ ಮಾಡಿದರು. ಮಲಬಾರ್ ಕರಾವಳಿಯ ಹೆಣ್ಣುಮಕ್ಕಳಿಗೆ ಪಾಠ ಹೇಳುವುದಕ್ಕೆಂದೇ ಸಿಸ್ಟರುಗಳು ಬೇಕು ಎಂಬುದು ಅವರ ಮನಸ್ಸಿಗೆ ಬಂತು. ಫ್ರಾನ್ಸಿನ ಬಯೋನ್ ಊರಿನಲ್ಲಿ 1868ರಲ್ಲಿ ಅವರನ್ನು ತಯಾರು ಮಾಡಲು ಶುರುಮಾಡಿದರು. ಅಲ್ಲಿಂದ ಹೊರಟ ಮೊದಲ ಮೂವರು ಸಿಸ್ಟರುಗಳು 1870ರ ನವೆಂಬರ್‌ನಲ್ಲಿ ಮಂಗಳೂರಿಗೆ ಬಂದು ಇಳಿದರು. ಕರೆಸಿಕೊಂಡವರು ಆಗಿನ ಬಿಷಪ್ ಮರಿ ಎಫ್ರೇಮ್, ಅವರೂ ಕಾರ್ಮೆಲೈಟ್, ಅಂದರೆ ಕಾರ್ಮೆಲ್ ಸಂನ್ಯಾಸಿ ಪಂಗಡದವರು, ಫ್ರೆಂಚರು. ಮಂಗಳೂರಿನ ಸೇಂಟ್ ಆನ್ಸ್ ಕಾನ್ವೆಂಟ್ ಶುರುವಾದದ್ದು ಹೀಗೆ. ಮದರ್ ವೆರೋನಿಕಾ ಮಾತ್ರ ಆ ಹಡಗಿನಲ್ಲಿ ಬರಲಿಲ್ಲ. ಅವರು ತೀರಿಕೊಂಡದ್ದು 1906ರಲ್ಲಿ, ಫ್ರಾನ್ಸಿನ ಪೋ ಎಂಬಲ್ಲಿ.

ಇಷ್ಟು ಪುಸ್ತಕಗಳಲ್ಲಿ ಸಿಗುತ್ತದೆ. ಸೇಂಟ್ ಆನ್ಸ್‌ನ ಟ್ರೈನಿಂಗ್ ಶಾಲೆಯಲ್ಲಿ ಕಲಿತ ಟೀಚರುಗಳು ಹಳ್ಳಿ ಹಳ್ಳಿಗೆ ಹೋದರು. 1921ರಲ್ಲಿ ಮಂಗಳೂರಿನಲ್ಲೇ ಸೇಂಟ್ ಆಗ್ನೆಸ್ ಕಾಲೇಜು ಬಂತು. ಹೈಸ್ಕೂಲು ಮುಗಿಸಿದ ಹುಡುಗಿ ಮುಂದೆ ಓದಬೇಕಾದರೆ ಮದರಾಸಿಗೇ ಹೋಗಬೇಕೆಂದಿಲ್ಲ ಎಂದಾಯಿತು. ನಮ್ಮಂಥ ಸಣ್ಣ ಊರಿನ ಶಾಲೆಗಳು ಈ ಬೇರಿನ ಚಿಗುರುಗಳು. ಆದರೆ ಚಿಗುರಿನ ಕಥೆ ಯಾವ ಪುಸ್ತಕದಲ್ಲೂ ಇಲ್ಲ. ಅದು ಆಫೀಸಿನ ಕಪಾಟಿನಲ್ಲಿತ್ತು, ಗೆದ್ದಲು ಹಿಡಿಯುವುದಕ್ಕೆ ಸ್ವಲ್ಪ ಮೊದಲು.

ಮೊದಲ ತೊಡಕು ಶಾಲೆ ಶುರುವಾದ ವರ್ಷ. ಗೋಡೆಯ ಕಲ್ಲಿನಲ್ಲಿ ಒಂದು ವರ್ಷ, ಸರಕಾರದ ಮಾನ್ಯತೆಯ ಪತ್ರದಲ್ಲಿ ಇನ್ನೊಂದು, ಹಳೆಯ ಹಾಜರಿ ಪುಸ್ತಕದಲ್ಲಿ ಮತ್ತೊಂದು. ನಾನು ಕಲ್ಲನ್ನು ನಂಬಿ ಮೊದಲ ಅಧ್ಯಾಯ ಬರೆದುಬಿಟ್ಟಿದ್ದೆ. ಆಮೇಲೆ ನೋಡಿದರೆ ಕಲ್ಲು ಹೇಳುತ್ತಿದ್ದದ್ದು ಕಟ್ಟಡದ ವರ್ಷ. ಮಕ್ಕಳು ಅದಕ್ಕೂ ಮೊದಲೇ ಚರ್ಚಿನ ಪಕ್ಕದ ಹಂಚಿನ ಮಾಡಿನ ಕೆಳಗೆ ಕೂತು ಓದುತ್ತಿದ್ದರು. ಅಧ್ಯಾಯವನ್ನು ಪೂರ್ತಿ ಹರಿದು ಹಾಕಿ ಮತ್ತೆ ಬರೆದೆ. ಶುರುವಿಗೆ ಒಂದೇ ವರ್ಷ ಇರಲೇಬೇಕೆಂದು ಹಟ ಬೇಡ. ಮೊದಲ ತರಗತಿ, ಹೈಸ್ಕೂಲಿನ ಮಾನ್ಯತೆ, ಮೊದಲ ಎಸ್ಸೆಸ್ಸೆಲ್ಸಿ ಬ್ಯಾಚು ಈ ಮೂರನ್ನೂ ಬೇರೆ ಬೇರೆ ಬರೆದರೆ ಜಗಳವೇ ಇಲ್ಲ.

ಇನ್ನೊಂದು ವಿಷಯ. ನಮ್ಮ ಜಿಲ್ಲೆ 1956ರ ನವೆಂಬರ್ 1ರ ತನಕ ಮದರಾಸಿನ ಕೈಕೆಳಗಿತ್ತು. ಹಾಗಾಗಿ ಹಳೆಯ ಪತ್ರವ್ಯವಹಾರವೆಲ್ಲ ಮದರಾಸಿನ ಕಡೆಗೆ, ಇಂಗ್ಲಿಷಿನಲ್ಲಿ. ಬೆಂಗಳೂರಿನಲ್ಲಿ ಹುಡುಕಿ ಸುಮ್ನೆ ದಿನ ಕಳೆಯಬೇಡಿ.

ರಿಜಿಸ್ಟರುಗಳನ್ನು ನಾನು ಜನವರಿಯಲ್ಲಿ ತೆಗೆದೆ. ಮಳೆಗಾಲದಲ್ಲಿ ಹಳೆಯ ಕಾಗದ ಮುಟ್ಟಬಾರದು, ತೇವಕ್ಕೆ ಹಾಳೆ ಹಾಳೆಗೆ ಅಂಟಿರುತ್ತದೆ. ಕಿಟಕಿಯ ಪಕ್ಕ ಮೇಜು ಹಾಕಿ, ಫ್ಲಾಶ್ ಇಲ್ಲದೆ ಫೋನಿನಲ್ಲಿ ಪ್ರತಿ ಪುಟದ ಫೋಟೊ ತೆಗೆದೆ. ಪುಟ ಮಡಚಿಕೊಳ್ಳದ ಹಾಗೆ ಅಂಚಿಗೆ ಸ್ಟೀಲ್ ಸ್ಕೇಲು. ಕೆಲವು ಕಡೆ ಶಾಯಿಯೇ ಕಾಗದವನ್ನು ತಿಂದು ಅಕ್ಷರದ ಆಕಾರದಲ್ಲಿ ತೂತು ಬಿದ್ದಿತ್ತು. ಹಿಂದೆ ಬಿಳಿ ಹಾಳೆ ಇಟ್ಟರೆ ಆ ತೂತನ್ನೇ ಓದಬಹುದು.

ಸಿಸ್ಟರುಗಳ ಹೆಸರು ಪತ್ತೆ ಮಾಡುವುದು ಜಾಸ್ತಿ ಕಷ್ಟ. ಹಿಂದೆಲ್ಲ ಕಾನ್ವೆಂಟಿಗೆ ಸೇರುವಾಗ ಮನೆಯ ಹೆಸರು ಬಿಟ್ಟು ಹೊಸ ಹೆಸರು ಇಟ್ಟುಕೊಳ್ಳುತ್ತಿದ್ದರು. ಒಬ್ಬರು ತೀರಿಕೊಂಡ ಮೇಲೆ ಅದೇ ಹೆಸರು ಇನ್ನೊಬ್ಬರಿಗೆ ಬರುತ್ತಿತ್ತು. ಒಬ್ಬರೇ ಹೆಡ್‌ಮಿಸ್ಟ್ರೆಸ್ ಎಂದು ನಾನು ತಿಳಿದುಕೊಂಡಿದ್ದವರು ಕೊನೆಗೆ ಇಬ್ಬರಾದರು. ಬಿಡಿಸಿದ್ದು ಸಹಿ. ಒಬ್ಬರ ಸಹಿ ನೆಟ್ಟಗೆ ನಿಂತಿತ್ತು, ಇನ್ನೊಬ್ಬರದ್ದು ಬಲಕ್ಕೆ ವಾಲಿತ್ತು. ಕಾನ್ವೆಂಟಿನ ದಿನಚರಿ ಪುಸ್ತಕ ನೋಡಿ ಖಚಿತ ಮಾಡಿಕೊಂಡೆ. ನಮ್ಮ ಮನೆಮಾತು ಕೊಂಕಣಿ, ಕನ್ನಡ ಲಿಪಿಯಲ್ಲೇ ಓದುತ್ತೇವೆ. ಹಾಗಾಗಿ 1938ರಿಂದ ಬರುತ್ತಿರುವ 'ರಾಕ್ಣೊ' ವಾರಪತ್ರಿಕೆಯ ಹಳೆಯ ಸಂಚಿಕೆಗಳೂ ನನಗೆ ಸಹಾಯಕ್ಕೆ ಬಂದವು.

ಇನ್ನು ಅಡ್ಮಿಷನ್ ರಿಜಿಸ್ಟರ್. ನನ್ನ ಮಟ್ಟಿಗೆ ಶಾಲೆಯ ಚರಿತ್ರೆ ಇರುವುದೇ ಅದರಲ್ಲಿ. ಹುಟ್ಟಿದ ತಾರೀಕಿನ ಕಾಲಂ ನೋಡಿ. ಕ್ಯಾಥೊಲಿಕ್ ಮಕ್ಕಳ ತಾರೀಕುಗಳು ವರ್ಷವಿಡೀ ಚದುರಿಕೊಂಡಿವೆ, ಯಾಕೆಂದರೆ ಚರ್ಚಿನ ಜ್ಞಾನಸ್ನಾನದ (ಬ್ಯಾಪ್ಟಿಸಂ) ಪುಸ್ತಕದಲ್ಲಿ ಬರೆದಿಟ್ಟಿದ್ದರು. ಉಳಿದ ಮಕ್ಕಳದ್ದು ಮೇ, ಜೂನ್ ತಿಂಗಳಲ್ಲೇ ರಾಶಿ ಬಿದ್ದಿದೆ. ಜೂನ್ 1, ಮತ್ತೆ ಜೂನ್ 1. ಅಪ್ಪನಿಗೆ ತಾರೀಕು ಗೊತ್ತಿಲ್ಲ, ಶಾಲೆಗೆ ಸೇರಿಸಲು ವಯಸ್ಸು ಸರಿಹೊಂದಬೇಕು, ಟೀಚರೇ ಒಂದು ಜನ್ಮದಿನ ಕೊಟ್ಟುಬಿಡುತ್ತಿದ್ದರು. ಯಾವ ಹುಡುಗಿಯ ಹುಟ್ಟನ್ನು ಯಾರು ಬರೆದಿಟ್ಟಿದ್ದರು ಎಂಬುದು ಒಂದು ಕಾಲಮ್ಮಿನಲ್ಲೇ ಕಾಣುತ್ತದಲ್ವಾ!

ಕೊನೆಯ ಕಾಲಂ 'ಶಾಲೆ ಬಿಟ್ಟ ಕಾರಣ'. ವರದಿಗಳಲ್ಲಿ ಪಾಸಾದವರ ಲೆಕ್ಕ ಇರುತ್ತದೆ, ಬಿಟ್ಟವರದ್ದು ಇರುವುದಿಲ್ಲ. ನಾನು ಸಾಲು ಸಾಲಾಗಿ ಅದನ್ನು ಬರೆದುಕೊಂಡೆ. ಮದುವೆ. ಮದುವೆ. ಬೇರೆ ಊರು. ಮನೆಕೆಲಸ. ಮನೆಕೆಲಸ. 'ಮನೆಕೆಲಸ' ಎಂದರೆ ಏನು ಎಂದು ಮಾತ್ರ ರಿಜಿಸ್ಟರ್ ಹೇಳುವುದಿಲ್ಲ. ಅದಕ್ಕೆ ಆ ಸಾಲುಗಳಲ್ಲಿದ್ದವರನ್ನೇ ಹುಡುಕಿಕೊಂಡು ಹೋದೆ. ಹಳೆ ವಿದ್ಯಾರ್ಥಿನಿಯರ ಸಂಘದಲ್ಲಿ ಇವರು ಯಾರೂ ಇಲ್ಲ. ಊರಿನ ರಿಕ್ಷಾದವರು, ಆಶಾ ಕಾರ್ಯಕರ್ತೆಯರು ಮನೆ ತೋರಿಸಿದರು.

ಮಾತಾಡಿಸುವಾಗ ನಾನು ಪ್ರಶ್ನೆಗಳ ಪಟ್ಟಿ ಹಿಡಿದು ಕೂರುವುದನ್ನು ಬೇಗ ಬಿಟ್ಟೆ. ರಿಜಿಸ್ಟರಿನ ಆ ಪುಟದ ಫೋಟೊವನ್ನು ದೊಡ್ಡದಾಗಿ ಪ್ರಿಂಟ್ ತೆಗೆಸಿಕೊಂಡು ಹೋಗಿ ಅವರ ಕೈಗೆ ಕೊಡುತ್ತಿದ್ದೆ. ಉಳಿದವರ ಸಾಲುಗಳನ್ನು ಮುಚ್ಚಿ, ಅವರ ಸಾಲು ಮಾತ್ರ. ಪುಸ್ತಕದಲ್ಲೂ ಯಾರ ಹೆಸರಿನ ಜೊತೆಗೂ ಜಾತಿಯ ಕಾಲಂ ಹಾಕಲಿಲ್ಲ. ಹಾಕಬೇಕೆಂದು ಸಮಿತಿಯಲ್ಲಿ ಒಬ್ಬರು ವಾದಿಸಿದರು, ನಾನು ಒಪ್ಪಲಿಲ್ಲ. ಅದು ಶಾಲೆಯನ್ನು ನಂಬಿ ಕೊಟ್ಟ ಮಾಹಿತಿ.

ಎಂಟನೆಯ ತರಗತಿಯಲ್ಲಿ ಬಿಟ್ಟ ಒಬ್ಬ ಅಜ್ಜಿಯ ಮನೆಗೆ ಎರಡು ಸಲ ಹೋದೆ. ಹುಟ್ಟಿದ ತಾರೀಕು ಜೂನ್ 1, ಬಿಟ್ಟ ಕಾರಣ ಮನೆಕೆಲಸ.

"ಅಮ್ಮಾ, ಮನೆಯಲ್ಲಿ ಎಂತ ಕೆಲಸ ಇತ್ತು?" ಎಂದು ಕೇಳಿದೆ.

"ಬೀಡಿ ಕಟ್ಟುದು ಟೀಚರ್. ತಮ್ಮ ಶಾಲೆಗೆ ಹೋಗ್ಬೇಕಿತ್ತಲ್ಲ. ಬ್ರಾಂಚಿಗೆ ಬೀಡಿ ಕೊಡ್ಲಿಕ್ಕೆ ಹೋಗುವಾಗ ಶಾಲೆಯ ಎದುರಿಂದ್ಲೇ ದಾರಿ. ಬೆಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ನಾನು ಗೇಟಿನ ಹತ್ರ ಇರ್ತಿದ್ದೆ."

ಒಂದು ದಿನ ಸಿಸ್ಟರ್ ಗೇಟಿನ ಹತ್ತಿರ ಬಂದು, ಒಳಗೆ ಬಾ ಎಂದು ಕರೆದರಂತೆ. ಮಡಿಲಲ್ಲಿ ಬೀಡಿಯ ಕಟ್ಟು ಇತ್ತು, ನಾಚಿಕೆಯಾಗಿ ಓಡಿಬಿಟ್ಟೆ ಎಂದರು. ಆಮೇಲೆ ಬೇರೆ ದಾರಿ ಹಿಡಿದರಂತೆ.

ಇದನ್ನು ಪುಸ್ತಕದಲ್ಲಿ ಹಾಕಬಹುದಾ ಎಂದು ಕೇಳಿದೆ. ಹಾಕಿ, ಹೆಸರು ಬೇಡ ಎಂದರು. ಹಾಗೇ ಹಾಕಿದೆ. ಪುಸ್ತಕ ಬಂದ ಮೇಲೆ ಕೊಡಲು ಹೋದಾಗ ಅವರಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಆ ಪುಟವನ್ನು ಗಟ್ಟಿಯಾಗಿ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನನ್ನ ಅಡ್ಮಿಷನ್ ನಂಬರ್ ಎಷ್ಟು ಟೀಚರ್?" ಎಂದರು. ಹೇಳಿದೆ. ಇನ್ನೊಂದು ಸಲ ಹೇಳಿಸಿಕೊಂಡರು.