ಪಿತ್ತನಾಳದ ಕಲ್ಲು: ಹೊಟ್ಟೆ ಕೊಯ್ಯದೆ ತೆಗೆಯುವುದು ಹೇಗೆ?

ಕೋಲಾರದ ಕಡೆ ಕಣ್ಣು ಹಳದಿಯಾದರೆ ಮೊದಲು ನೆನಪಾಗುವುದು ನೆಲನೆಲ್ಲಿ ಸೊಪ್ಪು. ಮೇಲುಹೊಟ್ಟೆ ನೋವಿಗೆ 'ಗ್ಯಾಸ್ಟ್ರಿಕ್' ಮಾತ್ರೆ ನುಂಗಿ, ಟೊಮೆಟೊ ಕೊಯ್ಲು ಮುಗಿಯಲಿ ಎಂದು ದಿನ ತಳ್ಳುವವರೂ ಬಹಳ. ಆದರೆ ಎಲ್ಲ ಕಾಮಾಲೆಯೂ ಒಂದೇ ಅಲ್ಲ. ಪಿತ್ತಕೋಶದಿಂದ ಜಾರಿದ ಕಲ್ಲು ನಾಳದಲ್ಲಿ ಸಿಕ್ಕಿಕೊಂಡರೂ ಕಣ್ಣು ಹಳದಿಯಾಗುತ್ತದೆ, ಮೂತ್ರ ಕಪ್ಪಿಡುತ್ತದೆ, ಮಲ ಬಿಳಿಚುತ್ತದೆ. ಆ ಕಲ್ಲನ್ನು ಯಾವ ಸೊಪ್ಪೂ ಕರಗಿಸದು. ಜೊತೆಗೆ ಚಳಿಜ್ವರ ಬಂತೆಂದರೆ ನಾಳಕ್ಕೆ ಸೋಂಕು ತಗುಲಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯೇ ಹೊರಡಿ.

ಮೊದಲು ರಕ್ತ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್. ಪಿತ್ತಕೋಶದ ಕಲ್ಲು ಇದರಲ್ಲಿ ಚೆನ್ನಾಗಿ ಕಾಣುತ್ತದೆ, ನಾಳದ ಕೆಳತುದಿಯ ಕಲ್ಲು ಕರುಳಿನ ಗಾಳಿಯ ಮರೆಯಲ್ಲಿ ತಪ್ಪಿಸಿಕೊಳ್ಳಬಹುದು. ಅನುಮಾನವಿದ್ದರೆ ಎಂಆರ್‌ಸಿಪಿ, ಅಂದರೆ ಎಂಆರ್‌ಐ ಯಂತ್ರದಲ್ಲಿ ಪಿತ್ತನಾಳದ ಚಿತ್ರ ತೆಗೆಯುವ ಪರೀಕ್ಷೆ, ಮಾಡಿಸುತ್ತಾರೆ. ಬಿಪಿಎಲ್ ಕುಟುಂಬದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಚಿಕಿತ್ಸೆ ಸಿಗುತ್ತದೆಯೇ ಎಂದು ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಶಿಫಾರಸು ಪತ್ರದೊಂದಿಗೆ ಬೆಂಗಳೂರಿಗೆ ಹೊರಡುವುದು ಒಳ್ಳೆಯದು.

ಕಲ್ಲು ತೆಗೆಯುವ ವಿಧಾನದ ಹೆಸರು ಇಆರ್‌ಸಿಪಿ. ವೈದ್ಯರಿಗೆ ಮೊದಲೇ ಹೇಳಬೇಕಾದ್ದು: ರಕ್ತ ತೆಳುವಾಗಿಸುವ ಮಾತ್ರೆ, ಸಕ್ಕರೆ ಕಾಯಿಲೆಯ ಔಷಧ, ಗರ್ಭ, ಅಲರ್ಜಿ. ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ. ಕನಿಷ್ಠ 6 ಗಂಟೆ ಊಟ ಮಾಡುವಂತಿಲ್ಲ.

ನಿದ್ದೆಯ ಮದ್ದು ಕೊಟ್ಟು ಬೋರಲು ಮಲಗಿಸಿ, ಬಾಯಿಯಿಂದ ಕ್ಯಾಮೆರಾ ಇರುವ ಕೊಳವೆಯನ್ನು ಸಣ್ಣಕರುಳಿನ ಆರಂಭದವರೆಗೆ ಇಳಿಸುತ್ತಾರೆ. ಪಿತ್ತನಾಳ ಬಾಯಿ ಬಿಡುವುದು ಅಲ್ಲಿ. ಅದರೊಳಗೆ ತಂತಿ ತೂರಿಸಿ, ಬಣ್ಣದ್ರವ ಬಿಟ್ಟು, ಎಕ್ಸ್-ರೇಯಲ್ಲಿ ಕಲ್ಲು ಎಲ್ಲಿದೆ ಎಂದು ನೋಡುತ್ತಾರೆ. ನಾಳದ ಬಾಯನ್ನು ಚೂರೇ ಚೂರು ಸೀಳಿ ಬಲೂನಿನಿಂದಲೋ ಪುಟ್ಟ ತಂತಿಬುಟ್ಟಿಯಿಂದಲೋ ಕಲ್ಲನ್ನು ಕರುಳಿಗೆ ಎಳೆಯುತ್ತಾರೆ. ಹೀಗೆ ಸೀಳುವ ಕ್ರಮ ಜರ್ಮನಿ, ಜಪಾನ್‌ಗಳಲ್ಲಿ 1974ರಲ್ಲಿ ಬೆಳಕಿಗೆ ಬಂತು. ದಪ್ಪ ಕಲ್ಲಾದರೆ ಒಳಗೇ ಪುಡಿ ಮಾಡುತ್ತಾರೆ, ಲೇಸರ್ ಕೂಡ ಇದೆ.

ಹೊಟ್ಟೆಯ ಹಿಂಬದಿಯ ಮೇದೋಜೀರಕ ಗ್ರಂಥಿಯ (ಪ್ಯಾಂಕ್ರಿಯಾಸ್) ಕಲ್ಲು ಹೆಚ್ಚು ಹಟಮಾರಿ. ಅದು ಸುಣ್ಣದಂತೆ ಗಟ್ಟಿ. ಮುಖ್ಯ ನಾಳದಲ್ಲಿ 5 ಮಿ.ಮೀ.ಗಿಂತ ದೊಡ್ಡದಿದ್ದರೆ ಹೊರಗಿನಿಂದಲೇ ಆಘಾತ ತರಂಗ ಕೊಟ್ಟು ಪುಡಿ ಮಾಡುತ್ತಾರೆ, ಕೆಲವೊಮ್ಮೆ ಹಲವು ಬಾರಿ. ಕುಡಿತ, ಬೀಡಿ ಬಿಡದಿದ್ದರೆ ನೋವು ಮರಳಬಹುದು.

ಇಆರ್‌ಸಿಪಿಯೂ ಪೂರ್ತಿ ಅಪಾಯವಿಲ್ಲದ್ದಲ್ಲ. ನೂರು ಮಂದಿಯಲ್ಲಿ ಸುಮಾರು 3ರಿಂದ 10 ಮಂದಿಗೆ ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಅದನ್ನು ತಡೆಯಲೆಂದೇ ಗುದದ್ವಾರಕ್ಕೆ ಮದ್ದಿನ ಗುಳಿಗೆ ಇಡುತ್ತಾರೆ, ಮುಜುಗರ ಪಡಬೇಡಿ. ಮನೆಗೆ ಬಂದ ಮೇಲೆ ಬೆನ್ನಿಗೆ ಹಾಯುವ ನೋವು, ವಾಂತಿ, ಜ್ವರ, ಕಪ್ಪು ಮಲ ಕಂಡರೆ ಕೂಡಲೇ ಹಿಂದಿರುಗಿ. ಪಿತ್ತಕೋಶದಲ್ಲಿ ಇನ್ನೂ ಕಲ್ಲಿದ್ದರೆ ಪಿತ್ತಕೋಶವನ್ನೇ ಲ್ಯಾಪರೊಸ್ಕೋಪಿಯಲ್ಲಿ (ಸಣ್ಣ ರಂಧ್ರಗಳ ಮೂಲಕ ಮಾಡುವ ಶಸ್ತ್ರಚಿಕಿತ್ಸೆ) ತೆಗೆಸುವುದನ್ನು ಮುಂದೂಡಬೇಡಿ.

ನನಗೆ ಹೆಚ್ಚು ಚಿಂತೆ ಸ್ಟೆಂಟ್‌ನದು. ನಾಳ ಕಟ್ಟದಿರಲೆಂದು ಇಡುವ ಪ್ಲಾಸ್ಟಿಕ್ ನಳಿಕೆ ಅದು, ಸಾಮಾನ್ಯವಾಗಿ 3 ತಿಂಗಳೊಳಗೆ ತೆಗೆಸಬೇಕು ಇಲ್ಲವೇ ಬದಲಿಸಬೇಕು. ನಮ್ಮ ಚಿಕ್ಕಮ್ಮ ನೋವು ಹೋಯಿತಲ್ಲ ಎಂದು ಅದನ್ನು ಮರೆತೇಬಿಟ್ಟಿದ್ದರು. ಎಂಟನೇ ತಿಂಗಳಿಗೆ ಚಳಿಯಲ್ಲಿ ಗಡಗಡ ನಡುಗುತ್ತಾ ಅದೇ ವಾರ್ಡಿಗೆ ಮರಳಿದರು. ಡಿಸ್ಚಾರ್ಜ್ ಚೀಟಿಯಲ್ಲಿ 'ಸ್ಟೆಂಟ್' ಎಂದಿದೆಯೇ ಕೇಳಿ ಓದಿಸಿಕೊಳ್ಳಿ, ತೆಗೆಸುವ ದಿನಾಂಕವನ್ನು ಗೋಡೆಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ, ಮನೆಯಲ್ಲಿ ಇನ್ನೊಬ್ಬರಿಗೂ ಹೇಳಿಡಿ.